ಇಬ್ನ್ ಸೀನಾ ಹೇಳುವ ‘ಮುಮ್ಕಿನ್’ ಮತ್ತು ಸಾಧ್ಯ ಲೋಕಗಳು ಒಂದೇನಾ?

ಇಬ್ನ್ ಸೀನಾ ಹೇಳುವ ‘ಮುಮ್ಕಿನ್’, ಅಂದರೆ ಸಾಧ್ಯವಾದದ್ದು, ಮತ್ತು ಈಗಿನ ತತ್ವಶಾಸ್ತ್ರದವರ ‘ಪಾಸಿಬಲ್ ವರ್ಲ್ಡ್ಸ್’ (ಸಾಧ್ಯ ಲೋಕಗಳು, ಅಂದರೆ ಜಗತ್ತು ಇರಬಹುದಾಗಿದ್ದ ಬೇರೆ ಬೇರೆ ರೀತಿಗಳು) ಎರಡೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ. ಸಾಧ್ಯ ಲೋಕಗಳಿಗೆ ಹತ್ತಿರದ ಮಾತು ಬೇಕಿದ್ದರೆ ನೀವು ಹುಡುಕುತ್ತಿರುವುದು ಬಹುಶಃ ಅವನ ನಂತರ ಬಂದ ಚಿಂತಕ ಘಜಾಲಿಯನ್ನು.

ಪರ್ಷಿಯಾದ ತತ್ವಜ್ಞಾನಿ ಇಬ್ನ್ ಸೀನಾ (980–1037) ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಕೇಳುತ್ತಾನೆ: ಇದು ಇರುವುದಕ್ಕೆ ಇದರ ಸ್ವಭಾವವೇ ಸಾಕಾ, ಬೇರೆ ಕಾರಣ ಬೇಕಾ? ಕುದುರೆ ಅಂದರೇನು ಅಂತ ಎಷ್ಟೇ ಅರ್ಥ ಮಾಡಿಕೊಂಡರೂ ಕುದುರೆ ಇದೆಯೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಅದು ಮುಮ್ಕಿನ್. ತನ್ನಿಂದ ತಾನೇ ಇರುವುದು ದೇವರೊಬ್ಬನೇ. ಮಜಾ ಏನೆಂದರೆ, ಕಾರಣಗಳೆಲ್ಲ ಕೂಡಿಬಂದ ಮೇಲೆ ಆ ಕುದುರೆ ಇರಲೇಬೇಕು, ಬೇರೆ ದಾರಿಯಿಲ್ಲ. ಇಡೀ ಜಗತ್ತೇ ಹೀಗೆ ದೇವರಿಂದ ಹರಿದು ಬಂದದ್ದು ಅಂದಮೇಲೆ ಇನ್ನೊಂದು ತರದ ಜಗತ್ತಿಗೆ ಜಾಗವೆಲ್ಲಿ?

ಘಜಾಲಿ (1058–1111) ಜಗಳ ತೆಗೆಯುವುದು ಇಲ್ಲೇ. ಆಕಾಶ ಈ ದಿಕ್ಕಿಗೇ ಯಾಕೆ ತಿರುಗಬೇಕು, ಉಲ್ಟಾ ಯಾಕೆ ತಿರುಗಬಾರದು ಅಂತ ತತ್ವಜ್ಞಾನಿಗಳನ್ನು ಖಂಡಿಸಿ ಬರೆದ ‘ತಹಾಫುತ್’ ಅನ್ನುವ ತನ್ನ ಪುಸ್ತಕದಲ್ಲಿ ಕೇಳುತ್ತಾನೆ. ಎರಡೂ ಸಮ ಅಂದರೆ ದೇವರು ಆರಿಸಿದ್ದು ಹೇಗೆ? ಅದಕ್ಕೆ ಆತ ಕೊಡುವ ಉದಾಹರಣೆ ನನಗೆ ತುಂಬಾ ಇಷ್ಟ. ಹಸಿದವನ ಮುಂದೆ ಎರಡು ಖರ್ಜೂರ, ಎಲ್ಲದರಲ್ಲೂ ಒಂದೇ ತರ, ಆದರೆ ಸಿಗುವುದು ಒಂದೇ. ಯಾವುದು ಮೇಲು ಅಂತ ಲೆಕ್ಕ ಹಾಕುತ್ತಾ ಕೂರುತ್ತಾನಾ? ಸುಮ್ನೆ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಇಚ್ಛೆ ಅಂದರೆ ಅಷ್ಟೇ. (ಮುಂದೆ ಬಂದ ತತ್ವಜ್ಞಾನಿ ಇಬ್ನ್ ರುಶ್ದ್ ಇದನ್ನು ಒಪ್ಪಲಿಲ್ಲ. ಹಸಿದವನು ಆರಿಸಿದ್ದು ತಿನ್ನುವುದನ್ನು, ಆ ಖರ್ಜೂರವನ್ನಲ್ಲ ಅಂದ. ಒಳ್ಳೆ ಏಟು, ಅಲ್ವಾ?) ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ಕೂಡ ದೇವರು ಅನೇಕ ಸಾಧ್ಯ ಲೋಕಗಳಲ್ಲಿ ಒಂದನ್ನು ಆರಿಸಿದ ಅಂತ 1710ರಲ್ಲಿ ಬರೆದ. ಆದರೆ ಕಾರಣವಿಲ್ಲದೆ ಆರಿಸುವುದು ಅವನಿಗೆ ಆಗಿಬರುವುದಿಲ್ಲ, ಅತ್ಯುತ್ತಮವಾದದ್ದನ್ನೇ ಆರಿಸಬೇಕು.

ಹಾಗಂತ ಘಜಾಲಿಯನ್ನು ಅಮೆರಿಕದ ತತ್ವಜ್ಞಾನಿ ಡೇವಿಡ್ ಲೂಯಿಸ್ ಪಕ್ಕ ಕೂರಿಸಬೇಡಿ. 1986ರಲ್ಲಿ ಲೂಯಿಸ್ ವಾದಿಸಿದ್ದು, ಆ ಲೋಕಗಳೆಲ್ಲ ನಮ್ಮ ಲೋಕದಷ್ಟೇ ನಿಜವಾಗಿ ಇವೆ, ‘ವಾಸ್ತವ’ ಅನ್ನುವುದು ‘ಇಲ್ಲಿ’ ಅನ್ನುವಂಥ ಮಾತು, ಯಾರು ಎಲ್ಲಿ ನಿಂತು ಹೇಳುತ್ತಾರೋ ಅವರಿಗೆ ಅದು ವಾಸ್ತವ ಅಂತ. ಘಜಾಲಿಗೆ ಸಾಧ್ಯತೆ ಅನ್ನುವುದು ಬುದ್ಧಿ ಕೊಡುವ ಒಂದು ತೀರ್ಪು ಮಾತ್ರ, ಹೊರಗೆ ಎಲ್ಲೂ ಇರಬೇಕಾಗಿಲ್ಲ. ನನಗೆ ಘಜಾಲಿಯ ಮಾತೇ ಹಿಡಿಸುತ್ತದೆ, ಲೂಯಿಸ್ ಲೆಕ್ಕದಲ್ಲಿ ಲೋಕಗಳು ಸ್ವಲ್ಪ ಜಾಸ್ತಿಯೇ ಆದವು.

ಓದುವುದಾದರೆ ತಹಾಫುತ್‌ನ ಮೊದಲ ಚರ್ಚೆ ಮತ್ತು 17ನೆಯದು (ಬೆಂಕಿ ತಾಗಿದರೂ ಹತ್ತಿ ಸುಡದೇ ಇರಬಹುದು ಅನ್ನುವುದು ಅಲ್ಲಿದೆ) ಇವೆರಡರಿಂದ ಶುರುಮಾಡಿ. ನಾನು ನೇರ ಇಬ್ನ್ ಸೀನಾಗೆ ಕೈಹಾಕಿ ಒಂದು ವರ್ಷ ಒದ್ದಾಡಿದ್ದೇನೆ.