ಚೈನ್‌ಸಾ ಹಲ್ಲು ಮನೆಯಲ್ಲೇ ಹರಿತ ಮಾಡಬಹುದಾ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಕಡಿಯೋಕೆ ಚೈನ್‌ಸಾ ಇದೆ. ಚೈನಿಗೆ ಅರ ಹಾಕಿದ ಮೇಲೆ ಕೊಯ್ತ ಒಂದೇ ಕಡೆ ವಾಲುತ್ತದೆ. ಹೊಸ ಚೈನೇ ಬೇಕಾ?
– ಓದುಗರು, ಕೊಪ್ಪ

ಉತ್ತರ: ಬೇಡ, ಹಲ್ಲು ಇನ್ನೂ ಉದ್ದ ಇದ್ದರೆ ಸುಮ್ನೆ ಯಾಕೆ ದುಡ್ಡು ಹಾಕ್ತೀರಿ? ಕೊಯ್ತ ವಾಲುವುದು ಹೆಚ್ಚಾಗಿ ಎಡಗಡೆ ಹಲ್ಲು, ಬಲಗಡೆ ಹಲ್ಲು ಸಮ ಇಲ್ಲದಾಗ. ನಮ್ಮ ಕೈಗೆ ಒಂದು ಕಡೆ ಜೋರು ಜಾಸ್ತಿ, ಆ ಕಡೆಯ ಹಲ್ಲು ಬೇಗ ಸವೆಯುತ್ತದೆ ಅಲ್ವಾ. ಅತಿ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ.

ದುಂಡು ಅರದ ಗಾತ್ರ ಚೈನಿಗೆ ಹೊಂದಬೇಕು. ಸಣ್ಣ ಮೆಷಿನ್‌ಗಳ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರುವ) ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ., ಪಾಯಿಂಟ್ 325 ಇಂಚು ಪಿಚ್ (ರಿವೆಟ್‌ಗಳ ಸರಾಸರಿ ಅಂತರ) ಇರುವ ಚೈನಿಗೆ 4.8 ಮಿ.ಮೀ. ಸ್ಪಾರ್ಕ್ ಪ್ಲಗ್ ವಯರ್ ಕಿತ್ತು, ಕೈಗವಸು ಹಾಕಿ, ಬಾರನ್ನು (ಚೈನ್ ಸುತ್ತುವ ಉದ್ದನೆಯ ಪಟ್ಟಿ) ವೈಸಿನಲ್ಲಿ ಬಿಗಿ ಹಿಡಿಸಿ. ಹಲ್ಲಿನ ಮೇಲಿನ ಗೆರೆ ನೋಡಿಕೊಂಡು, ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ವಾಪಸ್ ಎಳೆಯುವಾಗ ಎತ್ತಿಬಿಡಿ, ಇಲ್ಲದಿದ್ದರೆ ಅರವೇ ಹಾಳಾಗುತ್ತದೆ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ.

ಹಲ್ಲಿನ ಮುಂದಿನ ಗುಬ್ಬಿಯನ್ನು (ಹಲ್ಲು ಎಷ್ಟು ಆಳ ಕೊಯ್ಯಬೇಕೆಂದು ತಡೆಯುವ ಸಣ್ಣ ಉಬ್ಬು) ತುಂಬಾ ಜನ ಮರೆಯುತ್ತಾರೆ. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಗೇಜ್ (ಅಳತೆಪಟ್ಟಿ) ಇಟ್ಟು ಚಪ್ಪಟೆ ಅರದಿಂದ ಸವರಿ. ದಯವಿಟ್ಟು ಅಂದಾಜಿಗೆ ಉಜ್ಜಬೇಡಿ, ಜಾಸ್ತಿ ಇಳಿದರೆ ಮೆಷಿನ್ ಮುಖಕ್ಕೇ ಎಗರಬಹುದು.

ಈಗ ಕೊಯ್ದು ನೋಡಿ. ಹಸಿ ಮರದಲ್ಲಿ ಹಿಟ್ಟಿನಂಥ ಪುಡಿ ಬದಲು ಚಕ್ಕೆ ಬಂದರೆ ಹರಿತ ಸರಿಯಾಗಿದೆ. ಆಗಲೂ ವಾಲಿದರೆ ಬಾರಿನ ಅಂಚು ಸವೆದಿರಬಹುದು, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.