ಓದುಗರ ಪ್ರಶ್ನೆ: ದೇವರು ಇನ್ನೂ ಯಾಕೆ ಕಾಯುತ್ತಿದ್ದಾನೆ?

ಪ್ರಶ್ನೆ: ಮೋಸ ಮಾಡಿದವರು ಆರಾಮವಾಗಿದ್ದಾರೆ, ಮೋಸ ಹೋದವರು ನರಳುತ್ತಿದ್ದಾರೆ. ದೇವರದು ತಾಳ್ಮೆಯೋ, ಉದಾಸೀನವೋ?

ಉತ್ತರ: ತಾಳ್ಮೆಯೇ. ಅದಕ್ಕೆ ಉದ್ದೇಶವೂ ಉಂಟು, ಗಡುವೂ ಉಂಟು. ಯಾರೂ ನಾಶವಾಗಬಾರದು, ಎಲ್ಲರೂ ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಳ್ಳಬೇಕು ಎಂದೇ ಕರ್ತನು ತಾಳಿಕೊಂಡಿದ್ದಾನೆ ಎನ್ನುತ್ತಾನೆ ಯೇಸುವಿನ ಶಿಷ್ಯ ಪೇತ್ರ (2 ಪೇತ್ರ 3:9). ಪ್ರವಾದಿ ಯೋನನು ನಾಶದ ಎಚ್ಚರಿಕೆ ಕೊಟ್ಟ ನಿನೆವೆ ಪಟ್ಟಣಕ್ಕೆ ಸಿಕ್ಕಿದ್ದು 40 ದಿನ. ಅಲ್ಲಿನ ಜನ ಅಷ್ಟರೊಳಗೆ ತಿರುಗಿಕೊಂಡರು.

ಲೂಕ 13ನೇ ಅಧ್ಯಾಯವನ್ನು ಮೊದಲ ವಚನದಿಂದಲೇ ಓದಿ. ರೋಮಿನ ಅಧಿಪತಿ ಪಿಲಾತನು ಕೊಲ್ಲಿಸಿದ ಗಲಿಲಾಯದವರ ಸುದ್ದಿಯನ್ನು ಕೆಲವರು ಯೇಸುವಿಗೆ ತಿಳಿಸುತ್ತಾರೆ. ಯೆರೂಸಲೇಮಿನ ಸಿಲೊವದ ಬುರುಜು ಬಿದ್ದು ಸತ್ತ 18 ಮಂದಿಯ ಮಾತನ್ನು ಆತನೇ ಎತ್ತುತ್ತಾನೆ. ಸತ್ತವರು ಮಿಕ್ಕವರಿಗಿಂತ ದೊಡ್ಡ ಪಾಪಿಗಳೆಂದು ಆತನು ಒಪ್ಪುವುದಿಲ್ಲ; ತಿರುಗಿಕೊಳ್ಳಬೇಕಾದವರು ನೀವೇ ಎನ್ನುತ್ತಾನೆ. ಬೆನ್ನಿಗೇ ಅಂಜೂರದ ಮರದ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಬರುತ್ತದೆ. ಮೂರು ವರ್ಷ ಹಣ್ಣಿಲ್ಲ, ಯಜಮಾನ ಕಡಿಯಲು ಹೇಳುತ್ತಾನೆ, ತೋಟಗಾರ ಇನ್ನೊಂದು ವರ್ಷ ಬೇಡಿಕೊಳ್ಳುತ್ತಾನೆ. ಅದು ಬುಡ ಅಗೆದು ಗೊಬ್ಬರ ಹಾಕುವ ವರ್ಷ. ಕೊನೆಗೆ ಮರ ಏನಾಯಿತೆಂದು ಯೇಸು ಹೇಳಲೇ ಇಲ್ಲ. ಕೇಳಿಸಿಕೊಂಡವರಿಗೆ ಆ ವರ್ಷ ಇನ್ನೂ ನಡೆಯುತ್ತಿತ್ತು.

ಹಾಗೆಂದು ದೇವರ ತಾಳ್ಮೆಯ ಹೆಸರಿನಲ್ಲಿ ಪೆಟ್ಟು ತಿಂದವರ ಬಾಯಿ ಮುಚ್ಚಿಸುವುದು ಘೋರ ತಪ್ಪು. ಕೆಟ್ಟದ್ದನ್ನು ದಂಡಿಸುವ ಅಧಿಕಾರಿಯನ್ನು ದೇವರ ಸೇವಕನೆಂದೇ ಅಪೊಸ್ತಲ ಪೌಲ ಕರೆಯುತ್ತಾನೆ (ರೋಮಾ 13:4). ಅನ್ಯಾಯವಾದಾಗ ದೂರು ಕೊಡುವುದು ಅವಿಶ್ವಾಸವಲ್ಲ.

ಪ್ರಶ್ನೆ: ಒಂದೇ ಪಾಪದಲ್ಲಿ ಬೀಳುತ್ತೇನೆ, ಅಳುತ್ತೇನೆ, ಮತ್ತೆ ಬೀಳುತ್ತೇನೆ. ಬಿಡುವುದು ಹೇಗೆ?

ಉತ್ತರ: ಪಾಪವನ್ನು ಹೆಸರಿಟ್ಟು ಹೇಳಿ. ‘ನಾನು ಬಲಹೀನ, ಕ್ಷಮಿಸು’ ಎಂಬ ಪ್ರಾರ್ಥನೆ ಯಾವ ಪಾಪಕ್ಕೂ ಹೊಂದುತ್ತದೆ, ಅದಕ್ಕೇ ಯಾವುದನ್ನೂ ಮುಟ್ಟುವುದಿಲ್ಲ. ‘ನಿನ್ನೆ ಹಣದ ವಿಷಯದಲ್ಲಿ ಹೆಂಡತಿಗೆ ಸುಳ್ಳು ಹೇಳಿದೆ’ ಎಂದು ನೇರವಾಗಿ ಅರಿಕೆ ಮಾಡಿ.

ಆಮೇಲೆ ಬಿದ್ದ ಗಳಿಗೆಯಿಂದ ಹಿಂದಕ್ಕೆ ಹೋಗಿ. ಆಶೆ ಸೆಳೆಯುತ್ತದೆ, ಬಸುರಾಗುತ್ತದೆ, ಪಾಪವನ್ನು ಹೆರುತ್ತದೆ. ಯಾಕೋಬ 1:14–15 ಕೊಡುವ ಕ್ರಮ ಇದು. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಯಾವ ಬೇಸರದಲ್ಲಿ ಸೆಳೆತ ಶುರುವಾಯಿತು? ತಡೆ ಹಾಕಬೇಕಾದ್ದು ಅಲ್ಲಿ. ‘ಇನ್ನು ಮಾಡುವುದಿಲ್ಲ’ ಎಂದು ಆಣೆ ಮಾಡಿ, ಪಾಪಕ್ಕೆ ಸೆಳೆಯುವವರ ನಂಬರನ್ನು ಫೋನಿನಲ್ಲೇ ಉಳಿಸಿಕೊಂಡರೆ ಆಣೆ ನಿಲ್ಲದು. ಐಗುಪ್ತದಲ್ಲಿ ದಾಸನಾಗಿದ್ದ ಯೋಸೇಫನು, ತನ್ನನ್ನು ಹಿಡಿದೆಳೆದ ಯಜಮಾನ ಪೋಟೀಫರನ ಹೆಂಡತಿಯೊಡನೆ ವಾದಕ್ಕೆ ನಿಲ್ಲದೆ, ಬಟ್ಟೆಯನ್ನೂ ಬಿಟ್ಟು ಓಡಿದ.

ಬಿಟ್ಟ ಜಾಗವನ್ನು ಖಾಲಿ ಇಡಬೇಡಿ. ಬಹಳ ಮಂದಿ ಸೋಲುವುದು ಇಲ್ಲೇ. ಎಫೆಸ 4:28ರಲ್ಲಿ ಕಳ್ಳನಿಗೆ ಮೂರು ಮಾತಿವೆ: ಕದಿಯಬೇಡ, ಕೈಯಾರೆ ದುಡಿ, ಕೊರತೆಯಲ್ಲಿರುವವನಿಗೆ ಕೊಡು. ನಾವು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಲ್ಲುತ್ತೇವೆ. ಸುಳ್ಳು ಬಿಡುವವರು ಹೇಳಿದ ಸುಳ್ಳನ್ನು ಅದೇ ದಿನ, ಅದೇ ವ್ಯಕ್ತಿಯ ಮುಂದೆ ತಿದ್ದಲಿ.

ಗುಟ್ಟು ಕಾಯುವ, ನಂಬಿಕೆಯಲ್ಲಿ ಬಲಿತ ಒಬ್ಬರಿಗೆ ವಿಷಯ ತಿಳಿಸಿರಿ (ಯಾಕೋಬ 5:16). ಸೆಳೆತ ಶುರುವಾದಾಗಲೇ ಅವರಿಗೆ ಫೋನ್ ಮಾಡಿ, ಬೀಳುವ ತನಕ ಕಾಯಬೇಡಿ. ಕುಡಿತದಂಥ ಚಟವಾದರೆ ವೈದ್ಯರನ್ನೂ ನೋಡಿ.

ಮತ್ತೆ ಬಿದ್ದರೆ ಅದೇ ದಿನ ದೇವರ ಬಳಿ ಹೋಗಿ. ‘ಸ್ವಲ್ಪ ಯೋಗ್ಯನಾದ ಮೇಲೆ ಪ್ರಾರ್ಥಿಸುತ್ತೇನೆ’ ಎಂದು ದೂರ ಉಳಿದ ದಿನಗಳಲ್ಲೇ ಮುಂದಿನ ಬೀಳುವಿಕೆ ಬಲಿಯುತ್ತದೆ. ಆದರೆ ‘ಹೇಗೂ ಕ್ಷಮೆ ಸಿಗುತ್ತದೆ’ ಎಂದು ಮೊದಲೇ ಲೆಕ್ಕ ಹಾಕಿ ಮಾಡುವವರು, ದೇವರ ತಾಳ್ಮೆಯನ್ನು ಕಡೆಗಣಿಸುವವನು ತನಗೇ ದೇವರ ಕೋಪವನ್ನು ಕೂಡಿಹಾಕಿಕೊಳ್ಳುತ್ತಾನೆ ಎನ್ನುವ ರೋಮಾ 2:4–5ನ್ನು ಭಯದಿಂದ ಓದಬೇಕು.

ಪ್ರಶ್ನೆ: ಹಿಂದೊಮ್ಮೆ ಒಬ್ಬರ ಹಣ ಲಪಟಾಯಿಸಿದ್ದೆ. ಅವರು ತೀರಿಕೊಂಡಿದ್ದಾರೆ. ಪ್ರಾರ್ಥನೆ ಮಾಡಿದರೆ ಸಾಲದೇ?

ಉತ್ತರ: ಸಾಲದು. ಕ್ಷಮೆ ಕ್ರಿಸ್ತನ ಕೃಪೆಯಿಂದಲೇ, ಹಣ ಕೊಟ್ಟು ಅದನ್ನು ಕೊಳ್ಳಲಾಗದು. ಆದರೂ ಕ್ಷಮೆ ಸಿಕ್ಕಿದವನ ಕೈಯಲ್ಲಿ ಕದ್ದ ಹಣ ಉಳಿಯಬಾರದು. ಯಾಜಕಕಾಂಡ 6:5ರ ಪ್ರಕಾರ ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಬೇಕು: ಸಾವಿರಕ್ಕೆ ಸಾವಿರದ ಇನ್ನೂರು. ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡಲು ಮುಂದಾದ. ಮೊದಲು ವಾರಸುದಾರರನ್ನು ಹುಡುಕಿ, ನಡೆದದ್ದನ್ನು ಹೇಳಿ, ಕೊಡಿ. ‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎನ್ನಬೇಡಿ. ‘ನಾನು ಕದ್ದೆ’ ಎನ್ನಿ. ಒಮ್ಮೆಗೇ ಆಗದಿದ್ದರೆ ಕಂತು ಗೊತ್ತುಮಾಡಿಕೊಳ್ಳಿ. ಬಂಧುಗಳು ಯಾರೂ ಇಲ್ಲದಿದ್ದರೆ ಆ ಹಣ ಕರ್ತನಿಗೆ ಸೇರಬೇಕೆಂದು ಅರಣ್ಯಕಾಂಡ 5:8 ಹೇಳುತ್ತದೆ. ನಿಮ್ಮ ಹೆಸರು ಹೊರಬೀಳದಂತೆ ಬಡವರ ಸೇವೆಗೆ ಕೊಟ್ಟುಬಿಡಿ.