ಮುಖ ತೊಳೆದಷ್ಟೂ ಬಿಗಿಯಾಗುತ್ತೆ, ಯಾಕೆ?

ಪ್ರಶ್ನೆ: ನಂದು ಎಣ್ಣೆ ಚರ್ಮ ಮೇಡಂ, ದಿನಕ್ಕೆ ಐದಾರು ಸಲ ಸೋಪ್ ಹಾಕಿ ಮುಖ ತೊಳೀತೀನಿ, ಆದ್ರೂ ಜಿಡ್ಡು ಹೋಗಲ್ಲ, ಕೆನ್ನೆ ಬೇರೆ ಬಿಗಿಯುತ್ತೆ. ಏನ್ ಮಾಡ್ಲಿ?

ಉತ್ತರ: ಅಷ್ಟು ಸಲ ತೊಳೀಬೇಡಿ, ಎರಡೇ ಸಾಕು. ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆ ಥರ ಜೋಡಿಸ್ಕೊಂಡಿರ್ತವೆ, ಮಧ್ಯದ ಕೊಬ್ಬಿನಂಶವೇ ಗಾರೆ, ಒಳಗಿನ ನೀರು ಆರಿಹೋಗದ ಹಾಗೆ ತಡೆಯೋದು ಅದೇ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9-10, ಅಂದ್ರೆ ಕ್ಷಾರ, ಪದೇ ಪದೇ ಉಜ್ಜಿದ್ರೆ ಆ ಗಾರೆನೇ ಕಿತ್ತು ಬರುತ್ತೆ, ನೀರು ಆರಿ ಕೆನ್ನೆ ಬಿಗಿಯುತ್ತೆ, ಎಣ್ಣೆ ಗ್ರಂಥಿಗಳು ಮಾತ್ರ ತಮ್ಮ ಪಾಡಿಗೆ ಎಣ್ಣೆ ಬಿಡ್ತಾನೇ ಇರ್ತವೆ. ಮೈಲ್ಡ್ ಫೇಸ್‌ವಾಶ್ ತಗೊಳ್ಳಿ, ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಇನ್ನೂ ತೇವ ಇರುವಾಗ್ಲೇ ಜೆಲ್ ಮಾಯಿಶ್ಚರೈಸರ್ ಹಚ್ಚಿ, ಎಣ್ಣೆ ಚರ್ಮಕ್ಕೂ ಅದು ಬೇಕು, ದಯವಿಟ್ಟು ಬಿಡ್ಬೇಡಿ. ಹಗಲು ಎಸ್‌ಪಿಎಫ್ 30 ಸನ್‌ಸ್ಕ್ರೀನ್. ತುರಿಕೆ, ಕೆಂಪು ಇದ್ರೆ ಚರ್ಮದ ಡಾಕ್ಟರಿಗೆ ತೋರಿಸಿ.